ಎಳೆಯುವ ಚಕ್ರ, ತಳ್ಳುವ ಚಕ್ರ

ಮೈಸೂರಿನಿಂದ ದಕ್ಷಿಣಕ್ಕೆ ಹೊರಟ ಹೆದ್ದಾರಿಯು ನಂಜನಗೂಡನ್ನು ದಾಟಿ ಗುಂಡ್ಲುಪೇಟೆಯನ್ನು ಸೇರಿದ ಮೇಲೆ ಕವಲೊಡೆಯುತ್ತದೆ. ಒಂದು ಕವಲು ಬಂಡೀಪುರದ ಕಾಡಿನ ನಡುವೆ ಹಾದು ಉದಕಮಂಡಲದ ಕಡೆಗೂ, ಇನ್ನೊಂದು ಸುಲ್ತಾನ್ ಬತ್ತೇರಿಯ ಮೇಲೆ ಕಲ್ಲಿಕೋಟೆಯ ಕಡೆಗೂ ಹೋಗುತ್ತವೆ. ಪೂರ್ವಕ್ಕೆ ತಿರುಗಿ ತೆರಕಣಾಂಬಿಯ ಮಾರ್ಗವಾಗಿ ಚಾಮರಾಜನಗರವನ್ನು ಸೇರಿದರೆ, ಅಲ್ಲಿಂದ ಮತ್ತೊಂದು ಹೆದ್ದಾರಿ ಪುಣಜನೂರು, ಹಾಸನೂರುಗಳನ್ನು ಹಾದು, ದಿಂಬಂ ಘಟ್ಟದ 27 ಹೇರ್‌ಪಿನ್ ತಿರುವುಗಳನ್ನಿಳಿದು, ಸತ್ಯಮಂಗಲಕ್ಕೆ ಹೋಗುತ್ತದೆ. ಮಸಿನಗುಡಿಯಿಂದ ಉದಕಮಂಡಲಕ್ಕೆ ಏರುವ ಕಲ್ಲಹಟ್ಟಿಯ ಘಟ್ಟದಲ್ಲಿ ಅಂತಹ ತಿರುವುಗಳು 36. ಪಟ್ಟಣಗಳ ಸುತ್ತಲಿನ ನೆಲ ಬಹುಮಟ್ಟಿಗೆ ಸಮವಾದುದೇ; ಆದರೆ ದೂರದ ಪ್ರಯಾಣ ಹೊರಟವರಿಗೆ ಒಂದಲ್ಲ ಒಂದು ಘಟ್ಟ ಎದುರಾಗದೆ ಇರುವುದಿಲ್ಲ.

ಆದುದರಿಂದ ಈ ಎರಡು ಊರುಗಳಲ್ಲಿ ಮೋಟಾರು ಕೊಳ್ಳಹೊರಟ ಗೃಹಸ್ಥರು ಬೆಲೆ, ಮೈಲೇಜುಗಳನ್ನು ವಿಚಾರಿಸಿದ ಮೇಲೆ ಇನ್ನೊಂದು ಪ್ರಶ್ನೆಯನ್ನು ಕೇಳುವುದುಂಟು. ಎಂಜಿನಿನ ಶಕ್ತಿ ಮುಂದಿನ ಗಾಲಿಗಳಿಗೆ ಹೋಗುವ ಕಾರು ಒಳ್ಳೆಯದೋ, ಹಿಂದಿನ ಗಾಲಿಗಳಿಗೆ ಹೋಗುವ ಕಾರು ಒಳ್ಳೆಯದೋ? ಹಳೆಯ ಡ್ರೈವರುಗಳು, ಘಟ್ಟಕ್ಕೆ ಹಿಂದಿನಿಂದ ತಳ್ಳುವ ಗಾಡಿಯೇ ಸರಿ ಎನ್ನುತ್ತಾರೆ. ಹೊಸಬರು, ಮುಂದಿನಿಂದ ಎಳೆಯುವ ಗಾಡಿ ದಾರಿ ಬಿಟ್ಟು ಜಾರುವುದಿಲ್ಲ ಎನ್ನುತ್ತಾರೆ. ಇಬ್ಬರ ಮಾತಿನಲ್ಲಿಯೂ ಸತ್ಯದ ಅಂಶವುಂಟು. ಆದರೆ ಪೂರ್ಣ ಸತ್ಯವನ್ನು ತಿಳಿಯದೆ ಮಳೆಯಲ್ಲಿ ಘಟ್ಟವನ್ನೇರಿದರೆ, ಅರ್ಧ ಸತ್ಯದ ಮೇಲೆ ನಾಲ್ಕಾರು ಜನರ ಪ್ರಾಣವನ್ನು ಒತ್ತೆಯಿಟ್ಟಂತಾಗುವುದು. ಈ ವಿಷಯವನ್ನು ಮೂಲದಿಂದ ವಿಚಾರಮಾಡುವುದು ನಮ್ಮ ಇಂದಿನ ಉದ್ದೇಶ.

ಮೊದಲು ತಿಳಿಯತಕ್ಕ ಸಂಗತಿಯೇನೆಂದರೆ, ಮೋಟಾರು ಗಾಡಿಯನ್ನು ಮುಂದಕ್ಕೆ ನೂಕುವುದು ನೇರವಾಗಿ ಎಂಜಿನಲ್ಲ. ಎಂಜಿನು ಚಕ್ರವನ್ನು ತಿರುಗಿಸುತ್ತದೆ. ಚಕ್ರ ನೆಲವನ್ನು ಹಿಂದಕ್ಕೆ ಒತ್ತುತ್ತದೆ. ನೆಲವು ಪ್ರತಿಯಾಗಿ ಗಾಡಿಯನ್ನು ಮುಂದಕ್ಕೆ ಒತ್ತುತ್ತದೆ. ಕೆಸರಿನಲ್ಲಿ ಸಿಕ್ಕಿದ ಗಾಡಿಯ ಎಂಜಿನು ಎಷ್ಟು ಗರ್ಜಿಸಿದರೂ ಚಕ್ರ ನಿಂತಲ್ಲಿಯೇ ಸುತ್ತುವುದನ್ನು ಯಾರು ನೋಡಿಲ್ಲ? ಅಲ್ಲಿ ಕಡಮೆಯಾದುದು ಶಕ್ತಿಯಲ್ಲ, ಹಿಡಿತ. ಈ ಹಿಡಿತ ಎರಡು ಸಂಗತಿಗಳನ್ನು ಅವಲಂಬಿಸಿದೆ: ಟೈರಿಗೂ ನೆಲಕ್ಕೂ ಇರುವ ಘರ್ಷಣೆ, ಮತ್ತು ಆ ಚಕ್ರದ ಮೇಲೆ ಕುಳಿತಿರುವ ಭಾರ. ಒಣಗಿದ ಟಾರು ರಸ್ತೆಯಲ್ಲಿ ಚಕ್ರದ ಮೇಲಿನ ಭಾರದ ಸುಮಾರು ನೂರಕ್ಕೆ 70 ಪಾಲಿನಷ್ಟು ಎಳೆತ ದೊರೆಯಬಹುದು. ನೆನೆದ ಟಾರಿನಲ್ಲಿ ನೂರಕ್ಕೆ 40. ಮಳೆಯಲ್ಲಿ ಮಣ್ಣು ಹರಿದು ರಸ್ತೆಯ ಮೇಲೆ ನಿಂತ ಕಡೆಯಲ್ಲಿ 25 ಅಥವಾ ಅದಕ್ಕಿಂತಲೂ ಕಡಮೆ. ರಸ್ತೆ ನಮ್ಮ ಕೈಯಲ್ಲಿಲ್ಲ. ಭಾರ ಯಾವ ಚಕ್ರದ ಮೇಲೆ ಕುಳಿತುಕೊಳ್ಳಬೇಕೆಂಬುದು ಮಾತ್ರ ಗಾಡಿಯನ್ನು ಕಟ್ಟುವವನ ಮತ್ತು ತುಂಬುವವನ ಕೈಯಲ್ಲಿದೆ.

ಎತ್ತಿನ ಗಾಡಿಯವರಿಗೆ ಈ ತತ್ತ್ವ ಹೊಸದಲ್ಲ. ಏರಿನಲ್ಲಿ ಗಾಡಿ ಹಿಂದಕ್ಕೆ ವಾಲುತ್ತದೆ. ನೊಗ ಎತ್ತುಗಳ ಕೊರಳಿನಿಂದ ಮೇಲೇಳತೊಡಗುತ್ತದೆ. ಆಗ ಗಾಡಿಯವನು ಮುಂದಕ್ಕೆ ಸರಿದು ಮೂಕಿಯ ಮೇಲೆ ಕುಳಿತುಕೊಳ್ಳುತ್ತಾನೆ. ಇಳಿಜಾರಿನಲ್ಲಿ ಭಾರವೆಲ್ಲ ಕೊರಳಿನ ಮೇಲೆ ಬೀಳುವುದರಿಂದ ಹಿಂದಕ್ಕೆ ಸರಿಯುತ್ತಾನೆ. ಏರಿನಲ್ಲಿ ಭಾರ ಹಿಂದಕ್ಕೂ ಇಳಿಜಾರಿನಲ್ಲಿ ಮುಂದಕ್ಕೂ ಸರಿಯುವುದೆಂಬ ಈ ಒಂದು ಮಾತನ್ನು ನೆನಪಿನಲ್ಲಿಟ್ಟುಕೊಂಡರೆ, ನಮ್ಮ ಪ್ರಶ್ನೆಯ ಮುಕ್ಕಾಲು ಪಾಲು ಬಗೆಹರಿದಂತೆಯೇ.

ಮುಂದಿನ ಚಕ್ರದಿಂದ ಎಳೆಯುವ ಕ್ರಮ ಇತ್ತೀಚಿನ ಕಲ್ಪನೆಯೆಂದು ಹಲವರು ಭಾವಿಸಿರುವರು. ಹಾಗಲ್ಲ. 1769-70ರಲ್ಲಿ ಫ್ರಾನ್ಸಿನ ಸೈನ್ಯಾಧಿಕಾರಿ ನಿಕೊಲಾ ಕ್ಯೂನ್ಯೊ ರಚಿಸಿದ ಮೂರು ಗಾಲಿಯ ಉಗಿಬಂಡಿಯಲ್ಲಿ ಉಗಿ ತಿರುಗಿಸಿದುದು ಮುಂದಿನ ಒಂಟಿ ಗಾಲಿಯನ್ನೇ. ನೀರಿನ ಬಾಯ್ಲರೂ ಅದರ ಮುಂದೆಯೇ ತೂಗುತ್ತಿದ್ದುದರಿಂದ ಆ ಗಾಲಿಯನ್ನು ಹೊರಳಿಸುವುದೇ ಪ್ರಯಾಸವಾಗಿತ್ತು. ಬೈಸಿಕಲ್ಲಿನ ಚರಿತ್ರೆಯೂ ಇಂತಹುದೇ. 1860ರ ದಶಕದ ಫ್ರೆಂಚ್ ಬೈಸಿಕಲ್ಲಿನಲ್ಲಿ ಪೆಡಲುಗಳು ಮುಂದಿನ ಚಕ್ರದ ಅಚ್ಚಿಗೇ ಜೋಡಿಸಿದ್ದುವು. ತುಳಿಯುವ ಕಾಲೂ ತಿರುಗಿಸುವ ಕೈಯೂ ಒಂದೇ ಚಕ್ರಕ್ಕೆ ಎರಡು ಅಪ್ಪಣೆ ಕೊಡುತ್ತಿದ್ದುವು: ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದಂತೆ. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿಯ ರೋವರ್ ಬೈಸಿಕಲ್ಲು ಸರಪಣಿಯ ಮೂಲಕ ಹಿಂದಿನ ಚಕ್ರವನ್ನು ನಡೆಸಿತು. ಮುಂದಿನ ಚಕ್ರಕ್ಕೆ ದಾರಿ ತೋರಿಸುವ ಕೆಲಸವೊಂದೇ ಉಳಿಯಿತು. ಇಂದಿಗೂ ಬೀದಿಯಲ್ಲಿ ಓಡುವ ಬೈಸಿಕಲ್ಲುಗಳೆಲ್ಲ ಅದರ ಸಂತತಿಯವೇ.

ಮೋಟಾರು ಕಾರು ಕಟ್ಟಿದವರೂ ಬಹುಕಾಲ ಇದೇ ಹಾದಿ ಹಿಡಿದರು. ಎಂಜಿನು ಮುಂದೆ; ಅಲ್ಲಿಂದ ನೆಲದಡಿಯಲ್ಲಿ ಉದ್ದವಾದ ಷಾಫ್ಟು; ಅದರ ಕೊನೆಯಲ್ಲಿ ಹಿಂದಿನ ಚಕ್ರಗಳು. ಮುಂದಿನ ಚಕ್ರವನ್ನು ಓಡಿಸಲು ಅವರಿಗಿದ್ದ ಅಡ್ಡಿಯೇನೆಂದರೆ, ಎಡಬಲಕ್ಕೆ ಹೊರಳುವ ಚಕ್ರಕ್ಕೆ ಶಕ್ತಿಯನ್ನು ಒಯ್ಯಬೇಕಾದರೆ ನಡುವೆ ಬಾಗುವ ಕೀಲೊಂದು ಬೇಕು. ಸಾಮಾನ್ಯವಾದ ಅಡ್ಡಕೀಲು ಬಾಗಿದಾಗ ಸಮವಾಗಿ ತಿರುಗುವುದಿಲ್ಲ. 30 ಡಿಗ್ರಿ ಬಾಗಿದ ಕೀಲಿನ ಒಂದು ತುದಿ ಒಂದೇ ವೇಗದಲ್ಲಿ ತಿರುಗುತ್ತಿದ್ದರೂ, ಇನ್ನೊಂದು ತುದಿಯ ವೇಗ ಪ್ರತಿ ಸುತ್ತಿನಲ್ಲಿ ಎರಡು ಬಾರಿ ನೂರಕ್ಕೆ 13ರಷ್ಟು ತಗ್ಗಿ ನೂರಕ್ಕೆ 15ರಷ್ಟು ಏರುತ್ತದೆ. ಇದರಿಂದ ತಿರುವಿನಲ್ಲೆಲ್ಲ ಚಕ್ರ ಕುಲುಕುವುದು. ಸ್ಟೀರಿಂಗು ಕೈಯಲ್ಲಿ ಜಗ್ಗಾಡುವುದು. 1920ರ ದಶಕದಲ್ಲಿ ಫ್ರಾನ್ಸಿನಲ್ಲಿ ಟ್ರ್ಯಾಕ್ಟಾ ಎಂಬ ಕೀಲೂ ಅಮೆರಿಕದಲ್ಲಿ ಆಲ್ಫ್ರೆಡ್ ರ್‌ಜೆಪ್ಪ ಕಲ್ಪಿಸಿದ ಗುಂಡುಗಳ ಕೀಲೂ ಈ ದೋಷವನ್ನು ನೀಗಿದುವು. 1934ರಲ್ಲಿ ಸಿಟ್ರೊಯೆನ್ ಸಂಸ್ಥೆಯವರು ಮುಂಚಕ್ರ ಚಾಲನೆಯ ಕಾರನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿದರು. 1959ರ ಮಿನಿ ಕಾರಿನಲ್ಲಿ ಅಲೆಕ್ ಇಸಿಗೋನಿಸ್ ಎಂಜಿನನ್ನು ಅಡ್ಡಲಾಗಿ ಕೂರಿಸಿದರು. ಷಾಫ್ಟಿಲ್ಲ, ಕಾರಿನ ನೆಲದ ನಡುವೆ ದಿಬ್ಬವಿಲ್ಲ. ಚಿಕ್ಕ ಗಾಡಿಯಲ್ಲಿ ನಾಲ್ವರಿಗೆ ಸ್ಥಳ.

ನಮ್ಮ ದೇಶದಲ್ಲಿ 2014ರ ವರೆಗೆ ತಯಾರಾದ ಅಂಬಾಸಡರ್, ಅದರ ಜೊತೆಯ ಪ್ರೀಮಿಯರ್ ಪದ್ಮಿನಿ, ಇವೆರಡೂ ಹಿಂದಿನಿಂದ ತಳ್ಳುವ ಕಾರುಗಳು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಮುಂದಿನಿಂದ ಎಳೆಯುವ ಕ್ರಮವನ್ನು ಮನೆಮನೆಗೆ ತಂದಿತು. ಆದರೆ ಅದಕ್ಕಿಂತ ಎಷ್ಟೋ ಮೊದಲೇ ಈ ಕ್ರಮ ನಮ್ಮ ಸಂತೆಗಳಿಗೆ ಬಂದಿದ್ದಿತು. ಸಣ್ಣ ಸಾಮಾನು ಗಾಡಿಗಳಿಗೆಲ್ಲ ನಮ್ಮ ಜನ ‘ಟೆಂಪೊ’ ಎನ್ನುವರಷ್ಟೆ. ಆ ಹೆಸರು ಬಂದದ್ದು 1958ರಲ್ಲಿ ಸ್ಥಾಪಿತವಾದ ಬಜಾಜ್ ಟೆಂಪೊ ಸಂಸ್ಥೆ ಜರ್ಮನ್ ಮಾದರಿಯಲ್ಲಿ ತಯಾರಿಸಿದ ಮೂರು ಗಾಲಿಯ ಗಾಡಿಯಿಂದ. ಅದರಲ್ಲಿ ಎಂಜಿನು ಮುಂದಿನ ಒಂಟಿ ಚಕ್ರದ ಮೇಲೆಯೇ ಕುಳಿತು ಸರಪಣಿಯಿಂದ ಆ ಚಕ್ರವನ್ನು ತಿರುಗಿಸುತ್ತಿತ್ತು.

ಈಗ ಘಟ್ಟವನ್ನು ಏರೋಣ. ಉದಾಹರಣೆಗಾಗಿ 900 ಕಿಲೋಗ್ರಾಂ ತೂಕದ ಮುಂಚಕ್ರ ಚಾಲನೆಯ ಕಾರೊಂದನ್ನು ಇಟ್ಟುಕೊಳ್ಳಿ. ಎಂಜಿನು ಮುಂದಿರುವುದರಿಂದ ಮುಂಚಕ್ರಗಳ ಮೇಲೆ 540, ಹಿಂಚಕ್ರಗಳ ಮೇಲೆ 360 ಕಿಲೋಗ್ರಾಂ ಭಾರವಿದೆಯೆನ್ನಿ. ಹತ್ತು ಅಡಿಗೆ ಒಂದು ಅಡಿ ಏರುವ, ಕೆಸರು ಹರಿದ ರಸ್ತೆ. 65 ಕಿಲೋಗ್ರಾಮಿನ ಚಾಲಕನೊಬ್ಬನೇ ಹೋಗುತ್ತಿದ್ದಾನೆ. ಏರಿನಿಂದ ಹಿಂದಕ್ಕೆ ಸರಿಯುವ 20 ಕಿಲೋಗ್ರಾಮನ್ನು ಕಳೆದರೆ, ಮುಂಚಕ್ರಗಳ ಮೇಲೆ ಸುಮಾರು 552 ಉಳಿಯುತ್ತದೆ. ಅದರ ನೂರಕ್ಕೆ 25 ಎಂದರೆ 138 ಕಿಲೋಗ್ರಾಮಿನ ಎಳೆತ. ಏರಿಗೂ ಉರುಳುವ ಚಕ್ರದ ತಡೆಗೂ ಬೇಕಾದುದು 112. ಮಿಕ್ಕುಳಿತಾಯ 26. ಕಾರು ಸುಖವಾಗಿ ಏರುತ್ತದೆ. ಇನ್ನು ಅದೇ ಕಾರಿನಲ್ಲಿ ನಾಲ್ವರು ಕುಳಿತು, ಹಿಂದಿನ ಪೆಟ್ಟಿಗೆಯಲ್ಲಿ 60 ಕಿಲೋಗ್ರಾಂ ಸಾಮಾನು ತುಂಬಲಿ. ಏರಿನಲ್ಲಿ ಮುಂಚಕ್ರಗಳ ಮೇಲೆ 606, ಹಿಂಚಕ್ರಗಳ ಮೇಲೆ 614 ಆಗುತ್ತದೆ. ದೊರೆಯುವ ಎಳೆತ 151, ಬೇಕಾದುದು 140. ಉಳಿತಾಯ 11 ಮಾತ್ರ. ಕೆಸರು ತುಸು ನುಣುಪಾಗಿ ನೂರಕ್ಕೆ 20ರ ಹಿಡಿತವಷ್ಟೇ ಸಿಕ್ಕಿದರೆ ಚಕ್ರ ಸುತ್ತಿ, ಗಾಡಿ ನಿಲ್ಲುತ್ತದೆ. ಕುಟುಂಬ ಸಮೇತ ಹೊರಟ ದಿನವೇ ಮುಂಚಕ್ರ ಚಾಲನೆಯ ಅನುಕೂಲ ಸವೆದುಹೋಗುವುದೆಂಬುದನ್ನು ಗಮನಿಸಬೇಕು.

ಹಿಂದಿನಿಂದ ತಳ್ಳುವ ಪಿಕಪ್ ಗಾಡಿಯ ಸ್ಥಿತಿ ಇದಕ್ಕೆ ತದ್ವಿರುದ್ಧ. ಗುಂಡ್ಲುಪೇಟೆಯ ಕಡೆಯಿಂದ ಟೊಮೇಟೊ ಹೇರಿಕೊಂಡು ಹೋಗುವ ಗಾಡಿಯೊಂದು ಬರಿದಾಗಿರುವಾಗ ಚಾಲಕನೂ ಸೇರಿ 1565 ಕಿಲೋಗ್ರಾಂ ಇರಲಿ. ಹಿಂಚಕ್ರಗಳ ಮೇಲೆ 615. ಮೇಲಿನ ಕೆಸರಿನ ಏರಿನಲ್ಲಿ ಇದಕ್ಕೆ ಸುಮಾರು 179 ಕಿಲೋಗ್ರಾಮಿನ ಎಳೆತ ಬೇಕು, ದೊರೆಯುವುದು 162. ಗಾಡಿ ಏರಲಾರದು! ಅದಕ್ಕೆ ಒಂದು ಸಾವಿರ ಕಿಲೋಗ್ರಾಂ ಹೇರಿರಿ. ಹೇರಿನ ಬಹುಪಾಲು ಹಿಂಚಕ್ರಗಳ ಮೇಲೆ ಬೀಳುತ್ತದೆ. ಆಗ ಬೇಕಾದ ಎಳೆತ 294, ದೊರೆಯುವುದು 380ಕ್ಕೆ ಮೀರಿ. ಬರಿದಾದಾಗ ಜಾರಿದ ಗಾಡಿ ಹೇರಿದಾಗ ಏರುತ್ತದೆ. ಲಾರಿಗಳೂ, ಕಬ್ಬಿನ ಟ್ರ್ಯಾಕ್ಟರುಗಳೂ, ತಪ್ಪಲಿನಿಂದ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಯಾತ್ರಿಕರನ್ನು ಹೊತ್ತೊಯ್ಯುವ ಸರ್ಕಾರಿ ಬಸ್ಸುಗಳೂ ಹಿಂಚಕ್ರಗಳಿಂದಲೇ ನಡೆಯುವುದಕ್ಕೆ ಕಾರಣವಿದು. ಹೊರೆ ಹೊರುವ ಚಕ್ರವೇ ನೂಕುವ ಚಕ್ರವೂ ಆಗಿರುವುದು ಅಲ್ಲಿ ಲೇಸು. ಹಳೆಯ ಡ್ರೈವರುಗಳ ಮಾತಿನಲ್ಲಿ ಇಷ್ಟು ಸತ್ಯವಿದೆ. ಆದರೆ ಅವರ ಅನುಭವ ಹೇರಿದ ಗಾಡಿಯದು. ಅದನ್ನು ಬರಿಯ ಗಾಡಿಗೆ ಅನ್ವಯಿಸಿದರೆ ತಪ್ಪಾಗುವುದು.

ಏರಿನ ಮಾತಾಯಿತು, ತಿರುವಿನ ಮಾತು ಉಳಿದಿದೆ. ಟೈರಿಗಿರುವ ಹಿಡಿತ ಒಂದೇ ಗಂಟು. ಎಳೆಯುವುದಕ್ಕೂ ಅದರಿಂದಲೇ ತೆಗೆಯಬೇಕು, ಹೊರಳುವುದಕ್ಕೂ ಅದರಿಂದಲೇ. ಲೆಕ್ಕ ಮಾತ್ರ ಲಂಬಕೋನ ತ್ರಿಭುಜದ್ದು: 100ರ ಹಿಡಿತದಲ್ಲಿ 60ನ್ನು ಎಳೆತಕ್ಕೆ ವೆಚ್ಚ ಮಾಡಿದರೆ ಹೊರಳಲು 80 ಉಳಿಯುತ್ತದೆ, 80ನ್ನು ಎಳೆತಕ್ಕೆ ಕೊಟ್ಟರೆ 60 ಉಳಿಯುತ್ತದೆ, ನೂರನ್ನೂ ಎಳೆತಕ್ಕೆ ಕೊಟ್ಟರೆ ಏನೂ ಉಳಿಯದು. ಮುಂಚಕ್ರ ಚಾಲನೆಯ ಕಾರಿನಲ್ಲಿ ತಿರುವಿನ ನಡುವೆ ಆಕ್ಸಿಲರೇಟರನ್ನು ಅತಿಯಾಗಿ ಒತ್ತಿದರೆ, ಮುಂದಿನ ಚಕ್ರ ಹೊರಳುವ ಶಕ್ತಿಯನ್ನು ಕಳೆದುಕೊಂಡು ಕಾರಿನ ಮೂತಿ ನೇರಕ್ಕೆ ಓಡುತ್ತದೆ. ಎಡಕ್ಕೆ ತಿರುಗುವ ಹೇರ್‌ಪಿನ್ನಿನಲ್ಲಿ ಇದು ಎದುರಿನಿಂದ ಇಳಿಯುವ ಲಾರಿಯ ದಾರಿಗೆ ನುಗ್ಗುವುದೆಂದೇ ಅರ್ಥ. ಆಗ ಸ್ಟೀರಿಂಗನ್ನು ಇನ್ನೂ ತಿರುಗಿಸುವುದರಿಂದ ಪ್ರಯೋಜನವಿಲ್ಲ. ಕಾಲನ್ನು ಮೆಲ್ಲಗೆ ಸಡಿಲಿಸಬೇಕು. ಹಿಡಿತ ಮರಳಿ ಬರುತ್ತದೆ. ಹಿಂಚಕ್ರ ಚಾಲನೆಯ ಗಾಡಿಯಲ್ಲಾದರೋ ಜಾರುವುದು ಬಾಲ. ಹಿಂಭಾಗ ಹೊರಕ್ಕೆ ಬೀಸಿ, ಗಾಡಿ ತನ್ನನ್ನು ತಾನೇ ಸುತ್ತಲು ತೊಡಗುತ್ತದೆ. ಆಗಲೂ ಕಾಲನ್ನು ಮೆಲ್ಲಗೆ ಸಡಿಲಿಸಿ, ಹಿಂಭಾಗ ಯಾವ ಕಡೆಗೆ ಜಾರುತ್ತಿದೆಯೋ ಆ ಕಡೆಗೆ ಸ್ಟೀರಿಂಗನ್ನು ತಿರುಗಿಸಬೇಕು. ಹೆದರಿ ಬ್ರೇಕನ್ನು ಒಮ್ಮೆಲೇ ತುಳಿಯುವುದು ಎರಡರಲ್ಲಿಯೂ ಕೆಟ್ಟದ್ದು. ಮೊದಲನೆಯ ತಪ್ಪನ್ನು ಸಾಮಾನ್ಯ ಚಾಲಕನು ಸುಲಭವಾಗಿ ತಿದ್ದಿಕೊಳ್ಳಬಲ್ಲನು, ಎರಡನೆಯದಕ್ಕೆ ಅಭ್ಯಾಸ ಬೇಕು. ಮುಂಚಕ್ರ ಚಾಲನೆಯನ್ನು ಕುಟುಂಬದ ಕಾರಿಗೆ ಒಪ್ಪಿರುವುದಕ್ಕೆ ಇದೂ ಒಂದು ಕಾರಣ.

ಹಾಗಾದರೆ ಮೋಟಾರು ಸೈಕಲ್ಲಿಗೆ ಮುಂಚಕ್ರ ಚಾಲನೆ ಏಕಿಲ್ಲ? ಪ್ರಯತ್ನಗಳು ನಡೆಯದೆ ಇಲ್ಲ. 1897ರಲ್ಲಿ ಪ್ಯಾರಿಸಿನ ವರ್ನರ್ ಸಹೋದರರು ಮುಂದಿನ ಚಕ್ರದ ಮೇಲೆ ಎಂಜಿನನ್ನಿಟ್ಟು ಪಟ್ಟಿಯಿಂದ ಅದನ್ನು ಓಡಿಸಿದರು. ಗಾಡಿ ಅಡ್ಡಲಾಗಿ ಜಾರುತ್ತಿದ್ದುದರಿಂದ ಕೆಲವೇ ವರ್ಷಗಳಲ್ಲಿ ಎಂಜಿನನ್ನು ಚೌಕಟ್ಟಿನ ನಡುವಿಗೆ ಇಳಿಸಿದರು. ಮ್ಯೂನಿಕ್ ನಗರದಲ್ಲಿ 1921ರಿಂದ 1925ರ ವರೆಗೆ ತಯಾರಾದ ಮೆಗೋಲದಲ್ಲಿ ಐದು ಸಿಲಿಂಡರುಗಳ ಎಂಜಿನು ಮುಂದಿನ ಚಕ್ರದ ಒಳಗೇ ಸುತ್ತುತ್ತಿತ್ತು. ಕ್ಲಚ್ಚಿಲ್ಲ, ಗೇರಿಲ್ಲ, ನಿಲ್ಲಬೇಕಾದರೆ ಎಂಜಿನನ್ನೇ ನಿಲ್ಲಿಸಬೇಕು. ಅದ್ಭುತವಾದ ಯಂತ್ರವೇ, ಆದರೆ ಅದರ ವಂಶ ಬೆಳೆಯಲಿಲ್ಲ.

ಕಾರಣವನ್ನು ಮತ್ತೆ ಭಾರದ ಲೆಕ್ಕವೇ ಹೇಳುತ್ತದೆ. ಕಾರು ಉದ್ದ, ಮೋಟಾರು ಸೈಕಲ್ಲು ಗಿಡ್ಡ. ಮೇಲೆ ಕುಳಿತ ಮನುಷ್ಯರಿಂದ ಅದರ ಭಾರಕೇಂದ್ರವೂ ಎತ್ತರ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಒಟ್ಟು 270 ಕಿಲೋಗ್ರಾಂ ಆಗಿರುವ ಗಾಡಿಯಲ್ಲಿ ಮುಂಚಕ್ರದ ಮೇಲೆ 95 ಇರಲಿ. ಹಿಂದೆ ಹೇಳಿದ ಏರಿನಲ್ಲಿ ಸಾಧಾರಣವಾಗಿ ವೇಗ ಹೆಚ್ಚಿಸಿದರೆ ಸುಮಾರು 44 ಕಿಲೋಗ್ರಾಂ ಹಿಂದಕ್ಕೆ ಸರಿದು, ಮುಂದೆ 51 ಉಳಿಯುವುದು. ಒಣಗಿದ ಟಾರಿನ ಮೇಲೆಯೂ ಆ ಚಕ್ರ 36 ಕಿಲೋಗ್ರಾಮಿಗಿಂತ ಹೆಚ್ಚು ಎಳೆಯಲಾರದು, ಬೇಕಾದುದು 81. ಹಿಂಚಕ್ರವಾದರೆ 153ರ ವರೆಗೆ ತಳ್ಳಬಲ್ಲದು. ಕಾರಿನಲ್ಲಿ ವಾದಕ್ಕೆ ಎಡೆಯುಂಟು. ಎರಡು ಚಕ್ರದ ಗಾಡಿಯಲ್ಲಿ ಎಡೆಯೇ ಇಲ್ಲ. ಜೊತೆಗೆ, ಓರೆಯಾಗಿ ಬಾಗಿ ತಿರುಗುವ ಗಾಡಿಯಲ್ಲಿ ಮುಂಚಕ್ರ ಜಾರಿತೆಂದರೆ ಸವಾರ ನೆಲಕ್ಕೆ ಬಿದ್ದಂತೆಯೇ. ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ 1961ರಿಂದ ತಯಾರಾಗಿ, ಈ ಸೀಮೆಯ ರಸ್ತೆಗಳಲ್ಲೆಲ್ಲ ಓಡಿದ ಜಾವಾ, ಅದರ ಅನಂತರ 1996ರ ವರೆಗೆ ಬಂದ ಯೆಜ್ದಿ, ಎರಡೂ ಸರಪಣಿಯಿಂದ ಹಿಂಚಕ್ರವನ್ನು ನಡೆಸಿದುದು ಈ ನಿಯಮಕ್ಕನುಸಾರವಾಗಿಯೇ.

ಇಷ್ಟಾದ ಮೇಲೆ ಮುಖ್ಯವಾದ ಮಾತನ್ನು ಹೇಳಬೇಕಾಗಿದೆ. ಏರುವಾಗ ಚಕ್ರ ಸುತ್ತಿದರೆ ಗಾಡಿ ನಿಲ್ಲುತ್ತದೆ, ಪ್ರಯಾಣ ತಡವಾಗುತ್ತದೆ. ಇಳಿಯುವಾಗ ಹಿಡಿತ ತಪ್ಪಿದರೆ ಪ್ರಾಣವೇ ಹೋಗಬಹುದು. ಇಳಿಯುವಾಗ ಬ್ರೇಕು ನಾಲ್ಕು ಚಕ್ರಗಳ ಮೇಲೂ ಬೀಳುವುದರಿಂದ, ಎಳೆಯುವ ಚಕ್ರ ಯಾವುದೆಂಬ ಪ್ರಶ್ನೆಗೆ ಅಲ್ಲಿ ಹೆಚ್ಚಿನ ಬೆಲೆಯಿಲ್ಲ. ನಾವು ಲೆಕ್ಕ ಹಾಕಿದ ನಾಲ್ವರ ಕಾರು ಪ್ರತಿ 100 ಮೀಟರು ಕೆಳಕ್ಕಿಳಿಯುವಾಗ, ಸುಮಾರು ಮೂರೂವರೆ ಲೀಟರು ತಣ್ಣೀರನ್ನು ಕುದಿಯಿಸುವಷ್ಟು ಶಾಖವನ್ನು ಎಲ್ಲಿಯಾದರೂ ಚೆಲ್ಲಲೇಬೇಕು. ಅದನ್ನೆಲ್ಲ ಬ್ರೇಕಿನ ಮೇಲೆಯೇ ಹೊರಿಸಿದರೆ, ಹತ್ತು ಹದಿನೈದು ತಿರುವು ಕಳೆಯುವುದರೊಳಗೆ ಬ್ರೇಕು ಕಾದು, ತುಳಿದರೂ ನಿಲ್ಲದ ಸ್ಥಿತಿ ಬರಬಹುದು. ಆದುದರಿಂದ ಏರಲು ಯಾವ ಗೇರು ಬೇಕೋ ಇಳಿಯಲೂ ಅದೇ ಗೇರನ್ನು ಹಾಕಿ, ಎಂಜಿನೇ ಗಾಡಿಯನ್ನು ತಡೆಯುವಂತೆ ಮಾಡಬೇಕು. ಎಣ್ಣೆ ಉಳಿಸುವ ಆಸೆಯಿಂದ ನ್ಯೂಟ್ರಲಿನಲ್ಲಿ ಗಾಡಿಯನ್ನು ಬಿಡುವುದು ಎತ್ತಿಲ್ಲದ ಗಾಡಿಯನ್ನು ಇಳಿಜಾರಿನಲ್ಲಿ ಬಿಟ್ಟಂತೆ.

ಎಂಜಿನಿನ ಈ ತಡೆ ಎಳೆಯುವ ಚಕ್ರಗಳ ಮೇಲೆ ಮಾತ್ರ ಬೀಳುವುದೆಂಬುದನ್ನೂ ನೆನೆಯಬೇಕು. ಇಳಿಜಾರಿನಲ್ಲಿ ಭಾರ ಮುಂದಕ್ಕೆ ಸರಿದಿರುವುದರಿಂದ ಮುಂಚಕ್ರ ಚಾಲನೆಯ ಕಾರಿಗೆ ಇದು ಅನುಕೂಲವೇ. ಬರಿದಾದ ಪಿಕಪ್ಪಿನಲ್ಲಿ ಹಿಂಚಕ್ರ ಹಗುರವಾಗಿರುತ್ತದೆ. ಒದ್ದೆ ರಸ್ತೆಯ ತಿರುವಿನಲ್ಲಿ ಒಮ್ಮೆಲೇ ಕೆಳಗಿನ ಗೇರಿಗೆ ಇಳಿಸಿದರೆ ಬಾಲ ಜಾರುವ ಭಯವುಂಟು. ಗೇರನ್ನು ತಿರುವಿಗೆ ಮೊದಲೇ ಬದಲಾಯಿಸತಕ್ಕದ್ದು. ಇಕ್ಕಟ್ಟಾದ ಕಡಿದಾದ ದಾರಿಯಲ್ಲಿ ಇಳಿಯುವ ಗಾಡಿ ಏರುವ ಗಾಡಿಗೆ ದಾರಿ ಬಿಡಬೇಕೆಂಬುದು ನಮ್ಮ ದೇಶದ ಸಂಚಾರ ನಿಯಮ. ಇದು ಬರಿಯ ಮರ್ಯಾದೆಯ ಮಾತಲ್ಲ. ಏರಿನಲ್ಲಿ ಒಮ್ಮೆ ನಿಂತ ಗಾಡಿಗೆ ಮತ್ತೆ ಹಿಡಿತ ದೊರಕಿಸಿಕೊಳ್ಳುವುದು ಎಷ್ಟು ಕಷ್ಟವೆಂಬುದನ್ನು ಮೇಲಿನ ಲೆಕ್ಕಗಳಿಂದ ಊಹಿಸಬಹುದು.

ಕೊಳ್ಳುವವರಿಗೆ ನಮ್ಮ ಸಲಹೆ ಇಷ್ಟು. ಪಟ್ಟಣದಲ್ಲಿ ಓಡಾಡುತ್ತ, ವರ್ಷಕ್ಕೆ ನಾಲ್ಕಾರು ಬಾರಿ ಘಟ್ಟ ಹತ್ತುವ ಸಂಸಾರಕ್ಕೆ ಮುಂಚಕ್ರ ಚಾಲನೆಯ ಕಾರು ಸಾಕು. ತುಂಬಿದ ಕಾರಿನ ಮಾಡಿನ ಮೇಲೂ ಹಿಂದಿನ ಪೆಟ್ಟಿಗೆಯಲ್ಲಿಯೂ ಅತಿಯಾಗಿ ಹೇರದಿದ್ದರಾಯಿತು. ತಿರುಗಿಸಿದಾಗ ಮುಂದಿನ ಚಕ್ರದ ಬಳಿ ಟಕಟಕ ಶಬ್ದ ಬಂದರೆ, ನಾವು ವರ್ಣಿಸಿದ ಕೀಲಿನ ರಬ್ಬರು ಹೊದಿಕೆ ಹರಿದು ಗ್ರೀಸು ಹೋಗಿರಬಹುದೆಂದು ತಿಳಿದು, ಘಟ್ಟಕ್ಕೆ ಹೊರಡುವ ಮೊದಲೇ ಮೆಕ್ಯಾನಿಕ್ಕಿಗೆ ತೋರಿಸಬೇಕು. ಹೊರೆಯೇ ಕಸುಬಾದವರಿಗೆ ಹಿಂಚಕ್ರ ಚಾಲನೆ. ಮಳೆಗಾಲದಲ್ಲಿಯೂ ತೋಟದ ಮಣ್ಣುದಾರಿಯಲ್ಲಿ ಹೋಗಲೇಬೇಕಾದವರಿಗೆ ನಾಲ್ಕು ಚಕ್ರಗಳ ಚಾಲನೆ. ಅದು ಹಿಡಿತವನ್ನು ಹೆಚ್ಚಿಸಬಲ್ಲದೇ ಹೊರತು, ಬ್ರೇಕನ್ನು ಹೆಚ್ಚಿಸಲಾರದು.

ವಿದ್ಯುತ್ ಕಾರುಗಳ ಆಗಮನದಿಂದ ಈ ಪ್ರಶ್ನೆ ಮತ್ತೆ ಎದ್ದಿದೆ. ಚಿಕ್ಕ ಮೋಟಾರನ್ನು ಯಾವ ಕಡೆ ಬೇಕಾದರೂ ಇಡಬಹುದು; ಭಾರವಾದ ಬ್ಯಾಟರಿ ನೆಲದಡಿಯಲ್ಲಿ ಹರಡಿಕೊಂಡಿರುತ್ತದೆ. 2020ರ ಟಾಟಾ ನೆಕ್ಸಾನ್ ವಿದ್ಯುತ್ ಕಾರು ಮುಂದಿನಿಂದ ಎಳೆದರೆ, 2024ರ ಕೊನೆಯಲ್ಲಿ ಪ್ರಕಟವಾದ ಮಹೀಂದ್ರದ ಬಿಇ 6 ಹಿಂದಿನಿಂದ ತಳ್ಳುತ್ತದೆ. ಯಂತ್ರ ಬದಲಾಗಬಹುದು, ಏರಿನಲ್ಲಿ ಭಾರ ಹಿಂದಕ್ಕೆ ಸರಿಯುವುದು ಬದಲಾಗದು. ಗಾಡಿ ಯಾವುದೇ ಇರಲಿ, ಎಷ್ಟು ಜನ, ಎಷ್ಟು ಹೊರೆ, ಯಾವ ರಸ್ತೆ ಎಂಬ ಮೂರನ್ನು ಹೊರಡುವ ಮುಂಚೆ ಯೋಚಿಸಿ, ಘಟ್ಟದ ತಲೆಯಲ್ಲಿಯೇ ಗೇರನ್ನು ತಗ್ಗಿಸಿ ಇಳಿಯುವವರು ಸುಖವಾಗಿ ಊರು ಸೇರುವರೆಂದು ಶ್ರೋತೃಗಳಲ್ಲಿ ಅರಿಕೆ ಮಾಡಿ, ಈ ಭಾಷಣವನ್ನು ಮುಗಿಸುತ್ತೇವೆ.